ಸೊಪ್ಪಿನ ಮೇಕೆಯ ಹಲ್ಲು

ತಂಗಿ ನನ್ನ ಕೈಗೆ ಒಪ್ಪಿಸಿದ್ದ ಮೇಕೆಗೆ ನಾನು ಸೊಪ್ಪು ಹಾಕಲಿಲ್ಲ. ಆ ಬೇಸಿಗೆ ಪೂರ್ತಿ ರಾಗಿ ಹುಲ್ಲು ಹಾಕಿದೆ. ಹಾಕಿದ ಮೇಲೆ ಸಂಜೆ ಸಂಜೆ ಫೋನಿನಲ್ಲಿ “ಸೊಪ್ಪು ಹಾಕ್ದೆ ಕಣೆ” ಎಂದು ವಾಯ್ಸ್ ಮೆಸೇಜ್ ಕಳಿಸಿದೆ. ವರ್ಷದ ಮೇಲೆ ಅವಳು ಎದುರಿಗೆ ಕೂತು “ಬೇರೆ ಏನಾದ್ರೂ ಹಾಕಿದ್ಯಾ ಅಕ್ಕ?” ಎಂದು ಕೇಳಿದಾಗಲೂ ಇಲ್ಲ ಎಂದೆ.

ನಾನು ಮಾಡಿದ್ದು ಇಷ್ಟೇ. ಮೇಕೆಗೆ ಹುಲ್ಲು ಹಾಕುವುದು ಪಾಪವೇ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ನಗುತ್ತಾರೆ. ಅದು ನನ್ನ ಎದೆಯ ಮೇಲೆ ಯಾಕೆ ಹಾಗೆ ಕೂತುಬಿಟ್ಟಿತು ಎಂದು ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು. ನಮ್ಮೂರು ಹುಟ್ಟುವುದಕ್ಕಿಂತ, ಮನುಷ್ಯ ಎನ್ನುವವನು ಹುಟ್ಟುವುದಕ್ಕಿಂತ ಹಿಂದಕ್ಕೆ.

ನಮ್ಮದು ಕೆ.ಆರ್. ಪುರದ ಆಚೆಗಿನ ಹಳೆಯ ಊರು. ಊರು ಎಂದು ನಾವು ಹೇಳುತ್ತೇವೆ, ಬಂದು ನೋಡಿದವರಿಗೆ ಅದು ಬೆಂಗಳೂರಿನ ಒಂದು ಗಲ್ಲಿ. ಅಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ನಮ್ಮ ಬಾಡಿಗೆ ಮನೆಗಳು ಒಂದರ ಮೇಲೊಂದು ನಿಂತಿವೆ. ಅವುಗಳ ಹಿಂದಿನ ಕೊಟ್ಟಿಗೆಯನ್ನು ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ಅಲ್ಲಿ ಒಂದು ಹಸು, ಕೆಲವು ಮೇಕೆ. ಬಾಡಿಗೆಯವರು ಹೊಸದರಲ್ಲಿ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ತಿಂಗಳು ಕಳೆದರೆ ಅವರೇ ಮಗುವನ್ನು ಎತ್ತಿಕೊಂಡು ಬಂದು “ಅಂಬಾ ನೋಡು, ಅಂಬಾ” ಎಂದು ನಿಲ್ಲುತ್ತಾರೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ತಂಗಿ ಹುಟ್ಟಿದ ವರ್ಷ ಅದು. ಅಮ್ಮ ಹೊಲಕ್ಕೆ ಹೋದರೆ ಮಗುವನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಿತ್ತು, ನನ್ನದಿತ್ತು. ಅದಕ್ಕಾಗಿ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅವಳು ಓದಿದಳು, ಓದುತ್ತಲೇ ಹೋದಳು. ಸತ್ತು ಕಲ್ಲಾಗಿ ಹೋದ ಪ್ರಾಣಿಗಳ ಹಲ್ಲು ನೋಡುವುದು ಈಗ ಅವಳ ಕೆಲಸ. ನಿಮ್ಮ ತಂಗಿ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ “ಹಲ್ಲು” ಎನ್ನುತ್ತಿದ್ದೆ. ಮೇಲಿನ ಮನೆಯ ಹೆಂಗಸು ಒಮ್ಮೆ ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಬಾಯಿ ತೆರೆದು ದವಡೆ ತೋರಿಸಿಬಿಟ್ಟಿದ್ದಳು.

ಒಂದು ಭಾನುವಾರ ತಂಗಿ ಕೊಟ್ಟಿಗೆಗೆ ಬಂದು, ಹಸು ಕರೆಯುತ್ತಿದ್ದ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಅಂಗೈಯಲ್ಲಿ ಒಂದು ಹಲ್ಲು ಇಟ್ಟಳು. ನಿಜವಾದದ್ದಲ್ಲ, ನಿಜವಾದದ್ದರ ಅಚ್ಚು. ಬೆಂಕಿಪೊಟ್ಟಣದಷ್ಟು ಉದ್ದ, ಮೇಲ್ಭಾಗದಲ್ಲಿ ಸುರುಳಿ ಸುರುಳಿ ಗೆರೆ.

“ಕುದುರೆದು ಅಕ್ಕ. ಮೂರು ಬೆರಳಿನ ಕುದುರೆ.”

“ಕುದುರೆಗೆಲ್ಲಿಯ ಬೆರಳೆ?”

“ಆಗ ಇತ್ತು. ನಡುವಿನ ಬೆರಳೇ ದಪ್ಪ ಆಗಿ ಗೊರಸು ಆಯ್ತು. ಪಕ್ಕದವೆರಡು ಆಮೇಲೆ ಹೋದ್ವು.”

ನಾನು ಹಸುವಿನ ಗೊರಸು ನೋಡಿದೆ. ಅದು ಎಂದಿನಂತೆ ನನ್ನ ಚೆಂಬಿಗೆ ಗುರಿಯಿಟ್ಟು ನಿಂತಿತ್ತು.

ಅವಳು ಹೇಳುವ ಆ ಕಾಲಕ್ಕೆ ಮಯೋಸೀನ್ ಎಂದು ಹೆಸರು. ಅದರ ಕೊನೆಯ ಭಾಗ ಎಂದರೆ ಇವತ್ತಿಗೆ ಸುಮಾರು ಎಪ್ಪತ್ತು ಎಂಬತ್ತು ಲಕ್ಷ ವರ್ಷದ ಹಿಂದೆ. ಹಿಮಾಲಯದ ಬುಡದಲ್ಲಿ ಆಗ ದೊಡ್ಡ ದೊಡ್ಡ ಹೊಳೆಗಳು, ಅವುಗಳ ಎರಡೂ ಕಡೆ ಕಾಡು. ಕಾಡಿನಲ್ಲಿ ನಾಲ್ಕು ಕೋರೆಯ ಆನೆ, ಮೇಲೆ ಎರಡು, ಕೆಳಗೆ ಎರಡು. ಜಿರಾಫೆಯ ನೆಂಟರು, ಆದರೆ ಕತ್ತು ಗಿಡ್ಡ. ಮರದ ಮೇಲೆ ಹಣ್ಣು ತಿಂದುಕೊಂಡಿದ್ದ ದೊಡ್ಡ ವಾನರ. ಆಮೇಲೆ ಮಳೆ ತನ್ನ ರೀತಿ ಬದಲಿಸಿತಂತೆ. ವರ್ಷದ ಉದ್ದಕ್ಕೂ ಬರುತ್ತಿದ್ದ ಮಳೆ ಕೆಲವೇ ತಿಂಗಳಲ್ಲಿ ಸುರಿದು, ಮಿಕ್ಕ ತಿಂಗಳೆಲ್ಲ ಬಿಸಿಲು ಬಿದ್ದಿತು. ಗಾಳಿಯೂ ಮೊದಲಿನಂತೆ ಉಳಿಯಲಿಲ್ಲ. ಕಾಡು ಹಳೆಯ ಕಂಬಳಿಯ ಹಾಗೆ ಅಲ್ಲಲ್ಲಿ ತೂತುಬಿತ್ತು, ತೂತಿನಲ್ಲಿ ಹುಲ್ಲು ಎದ್ದಿತು. ಅಂತಿಂಥ ಹುಲ್ಲಲ್ಲ, ಬಿಸಿಲಿಗೆ ಬಗ್ಗದ ಹುಲ್ಲು. ನಮ್ಮ ರಾಗಿ, ಜೋಳ, ಕಬ್ಬು ಎಲ್ಲ ಅದೇ ಬಗೆಯವು ಎಂದಳು. ಅಪ್ಪನ ಹೊಲದ ರಾಗಿಗೆ ಅಷ್ಟು ಹಳೆಯ ಮನೆತನ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಸೊಪ್ಪು ತಿಂದುಕೊಂಡಿದ್ದ ಪ್ರಾಣಿಗಳಿಗೆ ಆಗ ಕಷ್ಟ ಬಂತು. ಕೆಲವು ಹುಲ್ಲು ಕಲಿತವು. ಹುಲ್ಲು ಮರಳುಕಾಗದದ ಹಾಗೆ ಹಲ್ಲನ್ನು ತೇಯುತ್ತದೆ, ಆದ್ದರಿಂದ ಉದ್ದ ಹಲ್ಲಿನವು ಬಾಳಿಕೊಂಡವು, ಆ ಕುದುರೆಯ ಹಾಗೆ. ಕೆಲವು ಕಾಡು ಉಳಿದಿದ್ದ ಕಡೆಗೆ ಸರಿದವು. ಕೆಲವು ಮುಗಿದುಹೋದವು. ಆ ವಾನರ ಮುಗಿದುಹೋಯಿತು.

“ಅದಕ್ಕೆ ಗೊತ್ತಾಗ್ಲಿಲ್ವೇನೆ, ಕಾಡು ಹೋಗ್ತಾ ಇದೆ ಅಂತ?” ಎಂದು ಕೇಳಿದೆ.

“ಹೆಂಗ್ ಗೊತ್ತಾಗುತ್ತೆ? ಎಷ್ಟೋ ಲಕ್ಷ ವರ್ಷ ಹಿಡೀತು. ಒಂದೊಂದು ಮರಿನೂ ತಾನು ಕಣ್ಣು ಬಿಟ್ಟಾಗ ಎಷ್ಟು ಕಾಡಿತ್ತೋ, ಕಾಡು ಅಂದ್ರೆ ಅಷ್ಟೇ ಅಂದ್ಕೊಳ್ತು.”

“ನೀನೂ ಹಂಗೇ. ನೀನು ಕಣ್ಣು ಬಿಡೋ ಹೊತ್ಗೆ ನಮ್ಮೂರ ಗುಂಡುತೋಪು ಕಡಿದಾಗಿತ್ತು.”

“ನಮ್ಮೂರಲ್ಲಿ ಗುಂಡುತೋಪಿತ್ತಾ?”

“ನೋಡಿದ್ಯಾ?”

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ, “ಅದು ನಿಧಾನಕ್ಕೆ ಆಯ್ತು ಅಕ್ಕ. ನಾವೀಗ ಮಾಡ್ತಿರೋದು ನಿಧಾನ ಅಲ್ಲ” ಎಂದಳು.

ಅವಳ ಹತ್ತಿರ ಆ ಕಾಲದ ಒಂದು ನಿಜವಾದ ಹಲ್ಲಿತ್ತು. ಗಿಡ್ಡ ಕತ್ತಿನ ಆ ಜಿರಾಫೆ ನೆಂಟನದ್ದು. ಹುಲ್ಲು ಎಲ್ಲ ಕಡೆ ಹಬ್ಬಿದ ಮೇಲೂ ಬದುಕಿದ್ದ ಪ್ರಾಣಿ. ಅಂಥ ಪೂರ್ತಿ ಹಲ್ಲು ಸಿಕ್ಕಿದ್ದು ಒಂದೇ, ಅದನ್ನೂ ಬೇರೆಯವರಿಂದ ಕೇಳಿ ತಂದಿದ್ದಳು. ಕಡೆಯವರೆಗೂ ಸೊಪ್ಪನ್ನೇ ಹುಡುಕಿಕೊಂಡು ಸತ್ತಿತೋ, ಬೇರೆ ದಾರಿಯಿಲ್ಲದೆ ಹುಲ್ಲಿಗೂ ಬಾಯಿ ಹಾಕಿತೋ, ಅದು ಅವಳ ಪ್ರಶ್ನೆ. ಸೊಪ್ಪು ತಿಂದರೆ ಹಲ್ಲಿನೊಳಗೆ ಒಂದು ಗುರುತು ಉಳಿಯುತ್ತದೆ, ಆ ಬಗೆಯ ಹುಲ್ಲು ತಿಂದರೆ ಇನ್ನೊಂದು. ಹಲ್ಲು ಮೊದಲು ತುದಿ ಕಟ್ಟಿಕೊಂಡು ಆಮೇಲೆ ಬುಡದ ಕಡೆಗೆ ಬೆಳೆಯುತ್ತದೆ. ಹಾಗಾಗಿ ತುದಿಯಲ್ಲಿ ಮೊದಲ ತಿಂಗಳುಗಳ ಮೇವು, ಬುಡದಲ್ಲಿ ಕಡೆಯ ತಿಂಗಳುಗಳದ್ದು. ಸಣ್ಣ ಸೂಜಿಯಲ್ಲಿ ಸಾಲಾಗಿ ಕೊರೆದು ಪುಡಿ ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ಓದಿ ಹೇಳುತ್ತದೆ.

“ಆದ್ರೆ ಓದಿದ್ದು ಸರಿ ಅಂತ ಹೆಂಗ್ ನಂಬೋದು? ಏನು ತಿಂದಿದೆ ಅಂತ ನಮಗೆ ಮೊದ್ಲೇ ಗೊತ್ತಿರೋ ಪ್ರಾಣಿ ಬೇಕು. ಆಚೆ ಯಾರನ್ನ ನಂಬ್ಲಿ? ನೀನೇ ಸಾಕ್ಕೊಡ್ಬೇಕು.”

ಆ ವರ್ಷ ನಮ್ಮ ಮೇಕೆ ಅವಳಿ ಮರಿ ಹಾಕಿತ್ತು, ಎರಡೂ ಗಂಡು. ಹಾಲು ಬಿಟ್ಟ ಮೇಲೆ ಒಂದಕ್ಕೆ ಬರೀ ಸೊಪ್ಪು, ಇನ್ನೊಂದಕ್ಕೆ ಬರೀ ರಾಗಿ ಹುಲ್ಲು ಮತ್ತು ಹಸಿ ಜೋಳ ಎಂದು ಮಾತಾಯಿತು. ಹೇಗೂ ಬೆಳೆದ ಮೇಲೆ ಶಿವಾಜಿನಗರದ ಮಾಂಸದಂಗಡಿಗೆ ಹೋಗುವವು. ಅವಳಿಗೆ ಕೆಳದವಡೆ ಸಿಕ್ಕರೆ ಸಾಕು. ನಾವು ಅವಕ್ಕೆ ಸೊಪ್ಪಿನವನು, ಹುಲ್ಲಿನವನು ಎಂದೇ ಕರೆದೆವು. ಸೊಪ್ಪಿನವನ ಕಿವಿ ಕರಿ, ಹುಲ್ಲಿನವನದ್ದು ಬಿಳಿ.

“ಮನುಷ್ಯರ ಪಥ್ಯ ನಡೀತಿಲ್ಲ ಈ ಮನೇಲಿ, ಮೇಕೆಗೆ ಪಥ್ಯ” ಎಂದರು ನಮ್ಮ ಯಜಮಾನರು. ಅವರಿಗೆ ಶುಗರ್ ಇದೆ, ಮೈಸೂರುಪಾಕನ್ನು ಬಿಟ್ಟಿಲ್ಲ.

“ಭಾವ, ನಿಮ್ಮ ಹಲ್ಲನ್ನೂ ಒಂದಿನ ನೋಡ್ತೀನಿ, ಎಲ್ಲ ಗೊತ್ತಾಗುತ್ತೆ” ಎಂದಳು ತಂಗಿ.

ಹೊರಡುವಾಗ ಅವಳು ಗೇಟಿನ ಹತ್ತಿರ ನಿಂತು ತನ್ನ ಗೈಡ್ ಮೇಡಂ ಜೊತೆ ಫೋನಿನಲ್ಲಿ ಮಾತಾಡಿದ್ದು ನನ್ನ ಕಿವಿಗೆ ಬಿತ್ತು. “ನಮ್ಮಕ್ಕ ನೋಡ್ಕೊಳ್ತಾರೆ ಮೇಡಂ. ಅವ್ರು ಹೇಳಿದ್ರೆ ಮುಗೀತು.” ಆ ಮಾತನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆನೋ. ಅವಳ ಓದಿನ ಒಂದು ಮೂಲೆಯಲ್ಲಿ ನನ್ನ ಕೈಯೂ ಇದೆ ಎನ್ನುವುದು ಸಣ್ಣ ಸಂತೋಷವಲ್ಲ.

ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಚೆನ್ನಾಗಿಯೇ ನಡೆದವು. ಪಕ್ಕದ ಖಾಲಿ ಸೈಟಿನ ಬೇಲಿಯುದ್ದಕ್ಕೂ ಸುಬಾಬುಲ್ ಗಿಡಗಳಿದ್ದವು, ಮೂಲೆಯಲ್ಲಿ ಒಂದು ಅತ್ತಿಮರ. ದಿನಾ ಕುಡುಗೋಲು ಹಿಡಿದು ಹೋಗಿ ಕೊಯ್ದು, ಕಂತೆ ಕಟ್ಟಿ, ಜಂತೆಗೆ ತೂಗುಹಾಕುತ್ತಿದ್ದೆ. ಮೇಕೆಗೆ ನೆಲದ ಮೇವಿಗಿಂತ ತೂಗುವ ಮೇವು ಇಷ್ಟ. ಸೊಪ್ಪಿನವನು ಎರಡು ಕಾಲ ಮೇಲೆ ನಿಂತು ಕಂತೆಯನ್ನು ಎಳೆದಾಡುವುದನ್ನು ನೋಡಿದರೆ ಗಿಡ್ಡ ಕತ್ತಿನ ಆ ಜಿರಾಫೆ ಹೀಗೇ ಇತ್ತೇನೋ ಅನ್ನಿಸುತ್ತಿತ್ತು.

ಬೇಸಿಗೆಯ ಮೊದಲಲ್ಲಿ ಆ ಸೈಟಿಗೆ ಜೆಸಿಬಿ ಬಂತು. ಬೆಳಗ್ಗೆ ಇದ್ದ ಬೇಲಿ ಮಧ್ಯಾಹ್ನಕ್ಕೆ ಇರಲಿಲ್ಲ, ಅತ್ತಿಮರವೂ. ಅದೇ ಹೊತ್ತಿಗೆ ನಮ್ಮ ಬೋರು ಒಣಗಿತು. ಬಾಡಿಗೆಯವರಿಗೆಲ್ಲ ನೀರು ಕೊಡಬೇಕು, ಟ್ಯಾಂಕರ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ಪೈಪ್ ಹಿಡಿಯಲು ಮನೆಯಲ್ಲಿ ಯಾರಾದರೂ ಇರಲೇಬೇಕು. ದೂರ ಹೋಗಿ ಸೊಪ್ಪು ತರಲು ಬಿಡುವೇ ಸಿಗುತ್ತಿರಲಿಲ್ಲ. ಹಲಸಿನ ಎಲೆ, ನುಗ್ಗೆಸೊಪ್ಪು ಎಂದು ಅವರಿವರ ಅಂಗಳದಿಂದ ಕೆಲವು ದಿನ ತಳ್ಳಿದೆ. ಒಂದು ಸಂಜೆ ಏನೂ ಸಿಗಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿ. ಸಂಜೆ ದೇವರ ದೀಪ ಹಚ್ಚುವ ಮೊದಲು ಕೊಟ್ಟಿಗೆಯ ಎಲ್ಲ ಬಾಯಿಯ ಮುಂದೆಯೂ ಮೇವು ಇರಬೇಕು. ಅಮ್ಮ ಬೆಂಕಿಕಡ್ಡಿ ಕೈಯಲ್ಲಿ ಹಿಡಿದುಕೊಂಡೇ “ಹಾಕಿದ್ಯಾ?” ಎಂದು ಕೂಗುತ್ತಿದ್ದರು. ಹಾಕಿದೆ ಎಂದ ಮೇಲೆಯೇ ಕಡ್ಡಿ ಗೀರುತ್ತಿದ್ದದ್ದು. ಅಮ್ಮ ಹೋದ ಮೇಲೆ ನಾನೂ ಹಾಗೆಯೇ ನಡೆಸಿಕೊಂಡು ಬಂದಿದ್ದೆ. ಆ ಸಂಜೆ ಕಡ್ಡಿಪೊಟ್ಟಣ ಹಿಡಿದು ನಿಂತಿದ್ದೇನೆ, ಸೊಪ್ಪಿನವನು ಗೋಡೆಗೆ ಮುಂಗಾಲು ಕೊಟ್ಟು ಅರಚುತ್ತಿದ್ದಾನೆ. ಪಕ್ಕದಲ್ಲಿ ಹುಲ್ಲಿನವನು ಕರಕರ ಅಗಿಯುತ್ತಿದ್ದಾನೆ. ಅವರಿಬ್ಬರ ನಡುವೆ ಒಂದು ಹಲಗೆ ಅಷ್ಟೇ. ಕತ್ತಲು ಆಗುತ್ತಾ ಬಂತು. ಮೆದೆಯಿಂದ ಒಂದು ತೆಕ್ಕೆ ರಾಗಿ ಹುಲ್ಲು ಸೆಳೆದು ಅವನ ಮುಂದೆ ಹಾಕಿದೆ. ಅವನು ಮೂಸಿದ, ನನ್ನ ಮುಖ ನೋಡಿದ, ತಿಂದ.

ದೀಪ ಹಚ್ಚಿದೆ.

ಆಮೇಲೆ ಫೋನ್ ಎತ್ತಿಕೊಂಡೆ. ಅವಳಿಗೆ ದಿನಾ ಸಂಜೆ ಏನು ಹಾಕಿದೆ ಎಂದು ಮಾತಾಡಿ ಕಳಿಸಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದೇ ಗುಂಡಿ ಒತ್ತಿದ್ದು. ಬಾಯಿಂದ ಬಂದದ್ದು “ಸೊಪ್ಪು ಹಾಕ್ದೆ ಕಣೆ.” ಕೂಡಲೇ ಅವಳ ದನಿ ಬಂತು. “ಈ ಬಿಸ್ಲಲ್ಲೂ ಹುಡುಕ್ಕೊಂಡು ತರ್ತಿದ್ದೀಯಲ್ಲ, ನೀನಿಲ್ದಿದ್ರೆ ನನ್ನ ಕೆಲ್ಸ ನಡೀತಿರ್ಲಿಲ್ಲ ಅಕ್ಕ.” ಅದನ್ನು ಕೇಳಿದ ಮೇಲೆ ಅಲ್ಲ ಕಣೆ, ಹುಲ್ಲು ಹಾಕಿದ್ದು ಎನ್ನಲು ನನ್ನಿಂದ ಆಗಲಿಲ್ಲ.

ಒಂದು ಸಂಜೆಯದು ಎಂದುಕೊಂಡದ್ದು ದಿನವೂ ಆಯಿತು. ಮೊದಲು ಸಂಜೆ ಮಾತ್ರ, ಆಮೇಲೆ ಬೆಳಗ್ಗೆಯೂ. ಯಜಮಾನರು ನೋಡಿಬಿಟ್ಟರು.

“ತಂಗೀಗೆ ಹೇಳ್ಬಿಡೆ.”

“ಹೇಳಿದ್ರೆ ಅವಳ ಕೆಲ್ಸ ಕೆಡುತ್ತೆ ರೀ.”

“ಹೇಳ್ದೆ ಇದ್ರೆ ಕೆಡಲ್ವಾ?”

“ಮೇಕೆ ಹೋಗಿ ಹೇಳುತ್ತಾ?”

ಅವರು ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು. ಮತ್ತೆ ಆ ಮಾತು ಎತ್ತಲಿಲ್ಲ. ತಿಂದದ್ದು ಹಿಕ್ಕೆಯಾಗಿ ಹೋಗುತ್ತದೆ, ಮಳೆ ಬಂದರೆ ಸೊಪ್ಪು ಸಿಗುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಹಲ್ಲಿನ ಬಗ್ಗೆ ಅಷ್ಟೆಲ್ಲ ಬಿಡಿಸಿ ಹೇಳಿದ್ದಳು, ನಾನು ಕೇಳಿದ್ದೆ, ಅರ್ಥವೂ ಆಗಿತ್ತು. ಓದದವಳು ಎಂದು ಇಲ್ಲಿ ನೆಪ ಹೇಳುವ ಹಾಗಿಲ್ಲ.

ಮಳೆ ಬಂತು. ಯಜಮಾನರು ಹೊಸಕೋಟೆ ಕಡೆಯಿಂದ ಸೊಪ್ಪಿನ ಹೊರೆ ತರಿಸಿಕೊಟ್ಟರು. ಸೊಪ್ಪಿನವನು ಮತ್ತೆ ಸೊಪ್ಪು ತಿಂದ. ಅದೇ ಹೊತ್ತಿಗೆ ಅವನ ಹಿಂದಲ ಹಲ್ಲು ಮೆಲ್ಲಗೆ ವಸಡಿನಿಂದ ಮೇಲೇಳುತ್ತಿತ್ತು. ನಾನು ಬಾಯಿ ಬಿಡಿಸಿ ನೋಡಿದೆ. ಬೆಳ್ಳಗೆ, ಶುಭ್ರವಾಗಿ, ಏನೂ ನಡೆದೇ ಇಲ್ಲ ಎನ್ನುವ ಹಾಗಿತ್ತು.

ಮುಂದಿನ ವರ್ಷ ಬಕ್ರೀದ್‌ಗೆ ಮೊದಲು ಎರಡನ್ನೂ ಗೂಡ್ಸ್ ಆಟೋದಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋದೆವು. ಅಪ್ಪನ ಕಾಲದಿಂದ ನಮಗೆ ಪರಿಚಯದ ಅಂಗಡಿ. ಈಗ ಮಗ ನಡೆಸುತ್ತಾನೆ, ಅವನ ಗಡ್ಡವೂ ನೆರೆತಿದೆ.

“ಎರಡು ಕೆಳದವಡೆ ನಮಗೆ ಎತ್ತಿಡಬೇಕಪ್ಪ. ಕರಿ ಕಿವೀದು ಬೇರೆ, ಬಿಳೀದು ಬೇರೆ. ಕಲಸಬಾರ್ದು.”

“ಅರೇ ಅಕ್ಕಾ, ಎಲ್ಲಾರೂ ಲಿವರ್ ಎತ್ತಿಡು ಅಂತಾರೆ, ತಲೆ ಎತ್ತಿಡು ಅಂತಾರೆ. ಜಬಡಾ ಕೇಳೋ ಗಿರಾಕಿ ನೀವೇ ಮೊದಲು.”

“ನಮ್ಮ ತಂಗಿ ಓದೋಕೆ.”

“ಜಬಡಾ ಓದ್ತಾರಾ?” ಅವನು ಸೊಪ್ಪಿನವನ ಬಾಯಿ ತೆರೆದು ಇಣುಕಿದ. “ಇದ್ರಲ್ಲಿ ಏನ್ ಬರ್ದಿದೆ, ನನಗೂ ಸ್ವಲ್ಪ ಹೇಳಿ.”

ಅವನು ತಮಾಷೆಗೆ ಅಂದದ್ದು. ಸೊಪ್ಪಿನವನು ನನ್ನ ಸೆರಗನ್ನು ಅಗಿಯುತ್ತಿದ್ದ. ಬಿಡಿಸಿಕೊಂಡು ಆಟೋ ಹತ್ತಿದೆ, ತಿರುಗಿ ನೋಡಲಿಲ್ಲ. ಕೆಲವು ದಿನದ ಮೇಲೆ ತಂಗಿ ತಾನೇ ಹೋಗಿ ಬೇರೆ ಬೇರೆ ಡಬ್ಬಿಯಲ್ಲಿ ಎರಡು ದವಡೆ ತಂದಳು.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಒಂದು ಮಧ್ಯಾಹ್ನ ಫೋನೂ ಮಾಡದೆ ಬಂದಳು. ಊಟಕ್ಕಿಟ್ಟರೆ ಮುದ್ದೆಯನ್ನು ಮುರಿಯುತ್ತಾ ಕೂತಳೇ ಹೊರತು ತಿನ್ನಲಿಲ್ಲ.

“ಸೊಪ್ಪಿನವನ ಹಲ್ಲು ಮೇಲೆ ಸೊಪ್ಪು ಅಂತಿದೆ. ಕೆಳಗೂ ಸೊಪ್ಪು ಅಂತಿದೆ. ಮಧ್ಯದಲ್ಲಿ ಹುಲ್ಲು ಅಂತಿದೆ ಅಕ್ಕ. ಬೇರೆ ಏನಾದ್ರೂ ಹಾಕಿದ್ಯಾ? ಜೋಳದ ನುಚ್ಚು, ಏನಾದ್ರೂ? ಬೈಯಲ್ಲ, ಹೇಳು.”

ಅವಳು ಬೈಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ “ಇಲ್ಲ ಕಣೆ” ಎಂದೆ. ಯಜಮಾನರು ಎದ್ದು ಕೈ ತೊಳೆಯಲು ಹೋದರು.

ಅವಳು ತಲೆಯಾಡಿಸಿದಳು. “ಹಂಗಾದ್ರೆ ನಂದೇ ತಪ್ಪು.”

ಅವಳು ಯಂತ್ರವನ್ನು ಬಿಟ್ಟು ನನ್ನನ್ನು ನಂಬಿದಳು. ನನಗೆ ಇಂದಿಗೂ ನೆನೆಸಿಕೊಳ್ಳಲಾಗದ ಗಳಿಗೆ ಅದು.

ಅವಳ ಲೆಕ್ಕ ಹೀಗಿತ್ತು. ಅವತ್ತು ಹುಲ್ಲಿನವನ ಹಲ್ಲು, ಸೊಪ್ಪಿನವನದು, ಆ ಜಿರಾಫೆ ನೆಂಟನದು, ಮೂರನ್ನೂ ಒಂದೇ ಸೂಜಿಯಲ್ಲಿ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಕೊರೆದಿದ್ದಳು. ನಡುವೆ ಎಲ್ಲೋ ಸೂಜಿಯನ್ನು ಸರಿಯಾಗಿ ತೊಳೆದಿಲ್ಲ, ಸಾರಿನ ಸೌಟು ಪಾಯಸಕ್ಕೆ ಬಿದ್ದ ಹಾಗೆ ಹುಲ್ಲಿನವನ ಪುಡಿ ಮಿಕ್ಕವಕ್ಕೆ ಸೇರಿದೆ ಎಂದುಕೊಂಡಳು. ಜಿರಾಫೆ ನೆಂಟನ ಹಲ್ಲಿನಲ್ಲೂ ಬುಡದ ಕಡೆ ಹುಲ್ಲಿನ ಗುರುತು ಕಂಡಿತ್ತು. ಅದನ್ನು ನೋಡಿ ಎಷ್ಟು ಸಂತೋಷಪಟ್ಟಿದ್ದಳೋ, ಈಗ ಅದೂ ಸುಳ್ಳು ಎಂದುಕೊಂಡಳು. ತನ್ನ ಕೈಯಿಂದಲೇ ಕೆಟ್ಟಿತು ಎಂದು ಮೇಡಂಗೂ ಹೇಳಿಬಿಟ್ಟಿದ್ದಳು.

ಅದಾಗಿ ಕೆಲವು ದಿನಕ್ಕೆ, ಅವರೆಕಾಯಿಯ ಕಾಲ, ನಾನು ಹಿತಕಿದ ಬೇಳೆ ಬಿಡಿಸುತ್ತಾ ಕೂತಿದ್ದಾಗ ಫೋನ್ ಬಂತು.

“ನಾಳೆ ಆ ಹಲ್ಲನ್ನ ಇನ್ನೊಂದ್ಸಲ ಕೊರೀತೀನಿ ಅಕ್ಕ. ಒಂದು ಮಗ್ಗುಲು ಆಗ್ಲೇ ಕೊರೆದಾಗಿದೆ, ಇನ್ನೊಂದು ಮಗ್ಗುಲೂ ಕೊರೆದ್ರೆ ಹಲ್ಲಲ್ಲಿ ಏನೂ ಉಳಿಯಲ್ಲ. ಆದ್ರೆ ಬೇರೆ ದಾರಿ ಇಲ್ಲ.” ಆಮೇಲೆ ಹೇಳಿದಳು, “ಅಷ್ಟು ಲಕ್ಷ ವರ್ಷ ಮಣ್ಣೊಳಗೆ ಇದ್ದು ಮುಕ್ಕಾಗಿರ್ಲಿಲ್ಲ. ನನ್ನ ಕೈಗೆ ಬಂದು ಹಾಳಾಯ್ತು. ಈ ಕೆಲ್ಸಕ್ಕೆ ನಾನು ಲಾಯಕ್ಕಾ ಅಂತ ಅನ್ಸ್ಬಿಟ್ಟಿದೆ.”

ನಾನು ಏನೋ ಸಮಾಧಾನ ಹೇಳಿದೆ. ಏನು ಹೇಳಿದೆ ಎಂದು ನೆನಪಿಲ್ಲ. ಫೋನ್ ಇಟ್ಟ ಮೇಲೆ ಬಿಡಿಸಿದ ಬೇಳೆಯನ್ನು ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯನ್ನು ಬೇಳೆಯ ಪಾತ್ರೆಗೆ ಹಾಕುತ್ತಿದ್ದೆ.

ಬೆಳಗ್ಗೆ ಹಾಲು ಕರೆದಿಟ್ಟು, ಹಿತಕಿದ ಬೇಳೆ ಸಾರನ್ನು ಡಬ್ಬಿಗೆ ತುಂಬಿಕೊಂಡು ಹೊರಟೆ. ಬರಿಗೈಯಲ್ಲಿ ಹೋಗುವ ಧೈರ್ಯ ಇರಲಿಲ್ಲ. ಯಜಮಾನರು ಎಲ್ಲಿಗೆ ಎಂದು ಕೇಳಲಿಲ್ಲ. ಮೆಟ್ರೋ ಸ್ಟೇಷನ್ನಿನವರೆಗೂ ಸ್ಕೂಟರಿನಲ್ಲಿ ಬಿಟ್ಟು, “ಹೇಳ್ಬಿಟ್ ಬಾ” ಎಂದರು.

ಕೆ.ಆರ್. ಪುರದಲ್ಲಿ ಹತ್ತಿದರೆ ಕೂರಲು ಜಾಗವಿಲ್ಲ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರ ನಡುವೆ ಡಬ್ಬಿಯನ್ನು ಎದೆಗವಚಿಕೊಂಡು ನಿಂತೆ. ಬೈಯಪ್ಪನಹಳ್ಳಿ ದಾಟಿತು, ಇಂದಿರಾನಗರ ಬಂತು, ಬಹಳ ಜನ ಇಳಿದರು. ಕಿಟಕಿಯಿಂದ ನೋಡಿದರೆ ಉದ್ದಕ್ಕೂ ಕಟ್ಟಡ, ನಡುನಡುವೆ ಹಳೆಯ ಬಂಗಲೆಯ ಕಾಲದ ಒಂದೊಂದು ಮರ. ಇಲ್ಲಿ ಹುಟ್ಟುವ ಮಕ್ಕಳು ಬೆಂಗಳೂರೆಂದರೆ ಇಷ್ಟೇ ಮರ ಎಂದುಕೊಳ್ಳುತ್ತವೆ, ವಾನರದ ಮರಿಗಳ ಬಗ್ಗೆ ಅವಳು ಹೇಳಿದ ಹಾಗೆ. ಹಲಸೂರಿನಲ್ಲಿ ಇಳಿದೆ.

ಅವಳು ಬಾಡಿಗೆಗಿರುವ ಮನೆ ಕೆರೆಯ ಹತ್ತಿರ, ಮಹಡಿಯ ಮೇಲೆ ಒಂದು ಕೋಣೆ. ನಾನು ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಬ್ಯಾಗು ಆಗಲೇ ಹೆಗಲ ಮೇಲಿತ್ತು.

“ಅಕ್ಕ! ಏನು, ಬೆಳಬೆಳಗ್ಗೇನೆ? ಭಾವ ಚೆನ್ನಾಗಿದಾರಾ?”

“ಚೆನ್ನಾಗಿದಾರೆ. ಆ ಹಲ್ಲು ಕೊರೀಬೇಡ.”

“ಯಾಕೆ?”

“ನಾನು ಹುಲ್ಲು ಹಾಕ್ದೆ.”

ಅವಳ ಕೈಯಲ್ಲಿ ಶೂವಿನ ದಾರ ಹಾಗೇ ಉಳಿಯಿತು.

“ಸೊಪ್ಪಿನವನಿಗೆ ರಾಗಿ ಹುಲ್ಲು ಹಾಕ್ದೆ. ಆ ಜೆಸಿಬಿ ಬಂದಾಗಿಂದ ಮಳೆ ಬರೋವರ್ಗೂ. ನಿನ್ನ ಸೂಜಿ ಸರಿಯಾಗೇ ಇತ್ತು. ಯಂತ್ರ ಹೇಳಿದ್ದು ನಿಜ.”

ನಿಂತೇ ಇದ್ದೆ. ಕೂತುಕೋ ಎಂದು ಅವಳು ಅನ್ನಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾರೋ ತಮಿಳಿನಲ್ಲಿ ಹೂವು ಮಾರಿಕೊಂಡು ಹೋದರು.

“ದಿನಾ ಸಂಜೆ ಮೆಸೇಜ್ ಕಳಿಸ್ತಿದ್ಯಲ್ಲ,” ಎಂದಳು ಕೊನೆಗೆ. ದನಿ ಸಣ್ಣಗಿತ್ತು. “ನಾನು ಅದನ್ನೆಲ್ಲ ಇಟ್ಕೊಂಡಿದೀನಿ. ಬೇಜಾರಾದಾಗ ಹಾಕ್ಕೊಂಡು ಕೇಳ್ತಿದ್ದೆ. ಕೆಲ್ಸಕ್ಕಲ್ಲ, ಸುಮ್ನೆ. ನಿನ್ನ ದನಿ ಇರುತ್ತೆ, ಹಿಂದೆ ಹಸು ಕೂಗುತ್ತೆ ಅಂತ.”

ಅವಳು ಹೆಗಲ ಮೇಲಿನ ಬ್ಯಾಗನ್ನು ತೆಗೆದು ಕೆಳಗಿಟ್ಟಳು.

“ಆಮೇಲೆ ನಾನು ಬಂದು ಕೇಳಿದ್ನಲ್ಲ ಅಕ್ಕ? ಬೈಯಲ್ಲ ಅಂತ ಹೇಳಿನೇ ಕೇಳಿದ್ದು. ನನ್ನ ಕೈಯನ್ನೇ ನಾನು ನಂಬದ ಹಾಗೆ ಮಾಡ್ಬಿಟ್ಯಲ್ಲ.”

ಅವಳು ಅಳಲಿಲ್ಲ. ಎದ್ದು, ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲು, ಒಳಗೆ ಹೋಗಿ ಮೇಡಂಗೆ ಫೋನ್ ಮಾಡಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು. ನಡುವೆ ‘ಅಕ್ಕ’ ಎನ್ನುವ ಒಂದು ಪದ ಮಾತ್ರ ನನಗೆ ತಿಳಿಯಿತು. ನನ್ನನ್ನು ಬಿಟ್ಟುಕೊಟ್ಟಳೋ, ಕಾಪಾಡಿಕೊಂಡಳೋ, ಇವತ್ತಿಗೂ ಕೇಳಿಲ್ಲ.

ಫೋನ್ ಇಟ್ಟು ಕಿಟಕಿಯ ಹತ್ತಿರ ಹೋದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, “ಹಂಗಾದ್ರೆ ಅದೂ ತಿಂದಿತ್ತು” ಎಂದಳು.

“ಯಾವುದು?”

“ಆ ಜಿರಾಫೆ ನೆಂಟ. ಸೊಪ್ಪು ಸಿಗದ ಕಾಲ ಬಂದಾಗ ಅದೂ ಹುಲ್ಲಿಗೆ ಬಾಯಿ ಹಾಕಿತ್ತು. ಸೂಜಿ ಸರಿಯಾಗಿತ್ತು ಅಂದ್ರೆ ಅದೂ ನಿಜಾನೇ.”

ಜಂತೆಯ ಕೆಳಗೆ ನಿಂತು ರಾಗಿ ಹುಲ್ಲನ್ನು ಮೂಸಿ ನನ್ನ ಮುಖ ನೋಡಿದ ಮೇಕೆ ನೆನಪಾಯಿತು. ಆ ಪ್ರಾಣಿಯ ಮುಂದೆ ಹುಲ್ಲು ಹಾಕಿದವರು ಯಾರೂ ಇರಲಿಲ್ಲ, ಅದು ಯಾರ ಮುಖ ನೋಡಿತೋ.

ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಬಂದು ಹೋಯಿತು. ಸದ್ಯ, ಹಲ್ಲು ಉಳಿಯಿತಲ್ಲ, ಇಷ್ಟಕ್ಕೇ ಮುಗಿಯಿತು ಎಂದುಕೊಂಡು ಡಬ್ಬಿ ಇಟ್ಟು ಹೊರಟುಬಿಡಬಹುದಿತ್ತು. ನಮ್ಮ ಮನೆಗಳಲ್ಲಿ ಹಾಗೆಯೇ. ದೊಡ್ಡವರು ತಪ್ಪು ಮಾಡಿದರೆ ಸಾರು ತಂದಿಡುತ್ತಾರೆ, ತಲೆ ಸವರುತ್ತಾರೆ, ಹೋಗ್ಲಿ ಬಿಡು ಎನ್ನುತ್ತಾರೆ. ಚಿಕ್ಕವರು ಅದನ್ನೇ ಅರ್ಥ ಮಾಡಿಕೊಳ್ಳಬೇಕು. ಅಮ್ಮ ನನ್ನನ್ನು ಶಾಲೆ ಬಿಡಿಸಿದ ಸಂಜೆ ನನಗೆ ಒಬ್ಬಟ್ಟು ಮಾಡಿಕೊಟ್ಟಿದ್ದರು. ಬಾಯಲ್ಲಿ ಏನೂ ಅನ್ನಲಿಲ್ಲ. ಒಬ್ಬಟ್ಟು ಚೆನ್ನಾಗಿತ್ತು, ಆದರೆ ಆ ಒಂದು ಮಾತಿಗೆ ನಾನು ಎಷ್ಟೋ ವರ್ಷ ಕಾದಿದ್ದೆ.

ಡಬ್ಬಿಯನ್ನು ಕೆಳಗಿಟ್ಟೆ. ಅವಳು ಚಿಕ್ಕವಳಿದ್ದಾಗ ಎತ್ತಿಕೊಂಡೆ, ಹೊಡೆದೆ, ಜಡೆ ಹಾಕಿದೆ. ಅವಳ ಮುಂದೆ ತಲೆ ತಗ್ಗಿಸಿ ಮಾತಾಡಿದ್ದು ಅದೇ ಮೊದಲು.

“ತಪ್ಪಾಯ್ತು ಕಣೆ,” ಎಂದೆ. “ಮೇಕೆ ಅರಚ್ತಿತ್ತು, ನೀರಿರ್ಲಿಲ್ಲ, ಅದೆಲ್ಲ ಇರ್ಲಿ. ನೀನು ಕೇಳ್ದಾಗ ನಾನು ಇಲ್ಲ ಅಂದೆ. ನೀನು ನನ್ನ ನಂಬಿ ನಿನ್ನನ್ನೇ ಬೈಕೊಳ್ತಿದ್ದೆ, ನಾನು ನೋಡ್ಕೊಂಡು ಸುಮ್ನಿದ್ದೆ. ನನ್ನ ಕ್ಷಮಿಸ್ಬಿಡು.”